ಪುಸ್ತಕದ ಕೊನೇ ಪುಟದಲ್ಲಿ ರಾಕ್ಷಸ ಇದ್ದಾನೆ!

‘ಅವನೇ ದೇವರು ಅಂತ ಬರೆದವರಿಗೆ ಮೊದಲೇ ಗೊತ್ತಿತ್ತು.’

‘ಖಂಡಿತಾ ಗೊತ್ತಿರಲಿಲ್ಲ. ಆಮೇಲೆ ಹೊಳೆದದ್ದು.’

‘ಹಾಗಾದ್ರೆ ಆ ಕಂತಿಗೆ ಆ ಹೆಸರು ಯಾಕಿಟ್ರು, ಹೇಳು?’

ಹೋದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನಡೆದ ಜಗಳ ಇದು. ಒಂದು ಕಡೆ ಹತ್ತನೇ ತರಗತಿಯ ಮೊಮ್ಮಗಳು. ಇನ್ನೊಂದು ಕಡೆ ರಜೆಗೆ ಬಂದಿದ್ದ ಅವಳ ದೊಡ್ಡಪ್ಪನ ಮಗ, ಎಂಜಿನಿಯರಿಂಗ್ ಓದುವವನು. ದೇವರು, ಬರೆದವರು ಎಂದೆಲ್ಲ ಕಿವಿಗೆ ಬಿದ್ದದ್ದರಿಂದ ಮಹಾಭಾರತದ ಮಾತೇ ಇರಬೇಕೆಂದುಕೊಂಡು, ‘ವ್ಯಾಸರಿಗೆ ಎಲ್ಲಾ ಗೊತ್ತಿತ್ತು ಕಣ್ರೋ’ ಎಂದು ನಾನೂ ಬಾಯಿ ಹಾಕಿದೆ. ಇಬ್ಬರೂ ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಿ ನಕ್ಕುಬಿಟ್ಟರು. ಅವರ ಅಜ್ಜಿ ಮಾತ್ರ, ‘ಯಾರಿಗೆ ಏನೇ ಗೊತ್ತಿರಲಿ, ಮೊದಲು ಮಜ್ಜಿಗೆ ಅನ್ನ ಮುಗಿಸಿ’ ಎಂದಳು.

ಅವರು ಮಾತಾಡುತ್ತಿದ್ದದ್ದು ‘ಸೂಪರ್‌ನ್ಯಾಚುರಲ್’ ಎಂಬ ಅಮೆರಿಕದ ಟೀವಿ ಧಾರಾವಾಹಿಯ ಬಗ್ಗೆ. ಒಂದು ವಾರವೆಲ್ಲ ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ, ಕೆಲವು ಕಂತುಗಳನ್ನು ನೋಡಿಯೂ ನೋಡಿದೆ. ನಮ್ಮ ವಯಸ್ಸಿನವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಧಾರಾವಾಹಿಯಲ್ಲ. ರಕ್ತ ಜಾಸ್ತಿ, ಕತ್ತಲೆ ಅದಕ್ಕಿಂತ ಜಾಸ್ತಿ. ಆದರೆ ಅದರ ಸುತ್ತ ನಡೆಯುವ ಜಗಳ ಇದೆಯಲ್ಲ, ಅದನ್ನು ಯಾವ ವಯಸ್ಸಿನವರೂ ಕೇಳಬಹುದು.

ಕಥೆ ಇಷ್ಟೆ. ಡೀನ್ ಮತ್ತು ಸ್ಯಾಮ್ ಎಂಬ ಅಣ್ಣತಮ್ಮಂದಿರು. ತಮ್ಮ ಆರು ತಿಂಗಳ ಕೂಸಾಗಿದ್ದಾಗ ತಾಯಿಯನ್ನು ಒಂದು ಪಿಶಾಚಿ ಕೊಂದಿದೆ. ತಂದೆ ಮಕ್ಕಳಿಬ್ಬರಿಗೂ ದೆವ್ವ ಬೇಟೆ ಕಲಿಸಿದ್ದಾನೆ. 1967ರ ಕಪ್ಪು ಷೆವರ್ಲೆ ಇಂಪಾಲಾ ಕಾರಿನಲ್ಲಿ ಇಬ್ಬರೂ ಊರೂರು ಸುತ್ತುತ್ತಾ ಭೂತ ಪ್ರೇತಗಳಿಂದ ಜನರನ್ನು ಕಾಪಾಡುತ್ತಾರೆ. ಕಾರಿನ ಡಿಕ್ಕಿಯಲ್ಲಿ ಬಂದೂಕುಗಳ ಜೊತೆ ಉಪ್ಪು. ಬಾಗಿಲಿಗೆ ಉಪ್ಪಿನ ಗೆರೆ ಎಳೆದರೆ ದೆವ್ವ ದಾಟುವುದಿಲ್ಲವಂತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವ ನಮ್ಮ ಅಜ್ಜಿಯರಿಗೆ ಇದೇನೂ ಹೊಸದಲ್ಲ. 2005ರ ಸೆಪ್ಟೆಂಬರಿನಲ್ಲಿ ಶುರುವಾದದ್ದು 2020ರ ನವೆಂಬರಿಗೆ ಮುಗಿಯಿತು. 15 ಸೀಸನ್, 327 ಕಂತು.

ಇನ್ನು ಜಗಳಕ್ಕೆ ಕಾರಣವಾದ ಕಂತು. 2009ರ ಏಪ್ರಿಲ್ 2ರಂದು ಪ್ರಸಾರವಾದ ಅದರ ಹೆಸರನ್ನು ಕನ್ನಡದಲ್ಲಿ ‘ಈ ಪುಸ್ತಕದ ಕೊನೆಯಲ್ಲಿರುವ ರಾಕ್ಷಸ’ ಎನ್ನಬಹುದು. ಅಣ್ಣತಮ್ಮ ಒಂದು ಕಾಮಿಕ್ಸ್ ಅಂಗಡಿಗೆ ವಿಚಾರಣೆಗೆಂದು ಹೋಗುತ್ತಾರೆ. ಅಂಗಡಿಯವನು ಇವರ ಪ್ರಶ್ನೆಗಳನ್ನು ಕೇಳಿ, ‘ಓಹೋ, ನೀವು ಆ ಪುಸ್ತಕಗಳ ಅಭಿಮಾನಿಗಳು, ಅದರಲ್ಲಿರುವವರ ಹಾಗೆ ವೇಷ ಹಾಕಿ ಆಡುವವರು’ ಎಂದುಕೊಳ್ಳುತ್ತಾನೆ. ಯಾವ ಪುಸ್ತಕ? ಕಡಿಮೆ ಬೆಲೆಯ ರಾಶಿಯಿಂದ ಹುಡುಕಿ ತೆಗೆದು ಕೊಡುತ್ತಾನೆ. ಹೆಸರು ‘ಸೂಪರ್‌ನ್ಯಾಚುರಲ್’. ಒಳಗೆ ಇರುವುದು ಇವರಿಬ್ಬರ ಬದುಕೇ! ಎಲ್ಲಿ ಹೋದರು, ಏನು ಮಾತಾಡಿದರು, ಯಾರ ಮುಂದೆಯೂ ಹೇಳದೆ ಒಳಗೇ ಇಟ್ಟುಕೊಂಡದ್ದೇನು, ಎಲ್ಲವೂ ಅಚ್ಚಾಗಿದೆ.

ನೀವೇ ಯೋಚನೆ ಮಾಡಿ ಮಕ್ಕಳೇ. ಪುಸ್ತಕದಂಗಡಿಗೆ ಹೋಗಿ ಒಂದು ಪುಸ್ತಕ ಬಿಡಿಸಿದರೆ ಅದರಲ್ಲಿ ನಿನ್ನೆ ರಾತ್ರಿ ನೀವು ತಮ್ಮನ ಪೆನ್ಸಿಲ್ ಬಚ್ಚಿಟ್ಟದ್ದು ಬರೆದಿದ್ದರೆ ಹೇಗಿರುತ್ತದೆ?

ಪುಸ್ತಕ ಬರೆದವನ ಹೆಸರು ಕಾರ್ವರ್ ಎಡ್ಲಂಡ್ ಎಂದಿದೆ. ಇದೊಂದು ಒಳತಮಾಷೆ. ಧಾರಾವಾಹಿಗೆ ನಿಜವಾಗಿಯೂ ಬರೆಯುತ್ತಿದ್ದ ಜೆರೆಮಿ ಕಾರ್ವರ್ ಮತ್ತು ಬೆನ್ ಎಡ್ಲಂಡ್ ಎಂಬ ಇಬ್ಬರ ಹೆಸರಿನ ತುಂಡುಗಳನ್ನು ಅಂಟಿಸಿ ಮಾಡಿದ ಕಾವ್ಯನಾಮ. ಕಥೆಯೊಳಗೆ ಅವನ ನಿಜ ಹೆಸರು ಚಕ್ ಷರ್ಲಿ. ತಲೆ ಕೆದರಿಕೊಂಡು, ಮನೆಯಲ್ಲಿ ನಿಲುವಂಗಿ ಹಾಕಿಕೊಂಡೇ ಇರುವ ಪಾಪದ ಮನುಷ್ಯ. ಅಣ್ಣತಮ್ಮ ಅವನ ಬಾಗಿಲು ಬಡಿದು ‘ನಾವೇ ಅವರು’ ಎಂದರೆ ನಂಬುವುದಿಲ್ಲ. ಹುಚ್ಚು ಅಭಿಮಾನಿಗಳೆಂದು ಹೆದರುತ್ತಾನೆ. ಇವರು ತಮ್ಮ ಮನೆತನದ ಹೆಸರು ವಿಂಚೆಸ್ಟರ್ ಎಂದು ಹೇಳಿದ ಮೇಲೆ ಅವನ ಮುಖ ಬಿಳಿಚಿಕೊಳ್ಳುತ್ತದೆ. ಆ ಹೆಸರನ್ನು ಅವನು ಯಾವ ಪುಸ್ತಕದಲ್ಲೂ ಬರೆದೇ ಇರಲಿಲ್ಲ!

ನಾನು ನಿಜವಾಗಿ ನಕ್ಕದ್ದು ಆಮೇಲಿನ ಮಾತಿಗೆ. ತಾನು ಬರೆದದ್ದೆಲ್ಲ ಇವರ ಬದುಕಿನಲ್ಲಿ ನಡೆಯುತ್ತಿದೆ ಎಂದಾದರೆ ನಾನೇ ದೇವರಿರಬೇಕು, ಅದೂ ಬಲು ಕ್ರೂರಿ ದೇವರು ಎಂದು ಚಕ್ ಗೋಳಾಡುತ್ತಾನೆ. ಕಷ್ಟ ಕೊಟ್ಟದ್ದಕ್ಕಿಂತ ಹೆಚ್ಚಾಗಿ, ಕೆಟ್ಟದಾಗಿ ಬರೆದ ಕಥೆಗಳನ್ನು ಇವರು ಅನುಭವಿಸಬೇಕಾಯಿತಲ್ಲ ಎಂದು ಕ್ಷಮೆ ಕೇಳುತ್ತಾನೆ. ಹುಳುಗಳ ಕಥೆ, ದೆವ್ವದ ಹಡಗಿನ ಕಥೆ ಎಂದು ಹೆಸರು ಹಿಡಿದೇ ಹೇಳುತ್ತಾನೆ. ಅವೆರಡೂ ಈ ಧಾರಾವಾಹಿಯಲ್ಲಿ ಹಿಂದೆ ನಿಜವಾಗಿ ಬಂದುಹೋಗಿದ್ದ ಸಪ್ಪೆ ಕಂತುಗಳು! ಧಾರಾವಾಹಿಯವರು ತಮ್ಮ ತಪ್ಪನ್ನು ತಮ್ಮದೇ ಪಾತ್ರದ ಬಾಯಲ್ಲಿ ಒಪ್ಪಿಕೊಂಡರು. ನಮ್ಮ ಟೀವಿ ಧಾರಾವಾಹಿಗಳಲ್ಲೂ ವರ್ಷಕ್ಕೊಮ್ಮೆ ಯಾರಾದರೂ ಬಂದು ಹೀಗೆ ಕ್ಷಮೆ ಕೇಳಿದರೆ ಎಷ್ಟು ಚೆನ್ನ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಇನ್ನೊಂದು ದೃಶ್ಯ. ಡೀನ್ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಲ್ಲಿ ಕೂತು ಚಕ್‌ನ ಹೊಸ ಹಸ್ತಪ್ರತಿ ಓದುತ್ತಿದ್ದಾನೆ. ಅದರಲ್ಲಿ ಏನಿದೆ? ಡೀನ್ ಅದೇ ಅಂಗಡಿಯಲ್ಲಿ ಕೂತು ತನ್ನ ಕಥೆಯನ್ನು ತಾನೇ ಓದುತ್ತಿದ್ದಾನೆ ಎಂದಿದೆ. ತಲೆ ಸಿಡಿಯುತ್ತಿದೆ ಎನ್ನುತ್ತಾನೆ. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿಯ ನಡುವೆ ಕೂತಾಗ ಒಂದರೊಳಗೊಂದು ಸಾಲಾಗಿ ನಮ್ಮದೇ ಮುಖ ಕಾಣುತ್ತದಲ್ಲ, ಹಾಗೆ.

ಕೊನೆಗೆ ಒಬ್ಬ ದೇವದೂತ ಬಂದು, ಚಕ್ ದೇವರೂ ಅಲ್ಲ ಏನೂ ಅಲ್ಲ, ನಡೆಯುವುದನ್ನು ಕಂಡು ಬರೆಯುವ ಪ್ರವಾದಿ ಅಷ್ಟೆ ಎಂದು ಬಿಡಿಸಿ ಹೇಳುತ್ತಾನೆ. ಅಲ್ಲಿಗೆ ಎಲ್ಲರೂ ಸುಮ್ಮನಾದರು.

ಹೀಗೆ ಹೇಳುವಾಗ ನನಗೆ ನನ್ನ ಪೆದ್ದು ಮಾತೇ ಸರಿಯಾಗಿತ್ತು ಅನ್ನಿಸಿತು. ವ್ಯಾಸರು ಮಹಾಭಾರತ ಹೇಳಿದವರೂ ಹೌದು, ಅದರೊಳಗೆ ಪಾಂಡವ ಕೌರವರ ಅಜ್ಜನೂ ಹೌದು. ಕಥೆ ಸಿಕ್ಕುಬಿದ್ದಾಗಲೆಲ್ಲ ಆಶ್ರಮದಿಂದ ಎದ್ದು ಬರುತ್ತಾರೆ. ರಾಮಾಯಣದಲ್ಲಿ ಲವಕುಶರು ರಾಮನ ಎದುರಿಗೇ ರಾಮನ ಕಥೆ ಹಾಡುತ್ತಾರೆ. ತನ್ನ ಕಥೆ ಕೇಳುತ್ತಾ ಕೂತ ರಾಮನಿಗೂ ಬಟ್ಟೆಯಂಗಡಿಯ ಡೀನ್‌ಗೂ ಒಂದೇ ಪೇಚು. ಇದನ್ನು ಹೇಳಿದಾಗ ಮೊಮ್ಮಗ ಮೊದಲ ಸಲ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದ.

ಈಗ ಹೆಸರಿನ ವಿಷಯಕ್ಕೆ ಬರೋಣ. ಆ ಹೆಸರು ಅವರದ್ದಲ್ಲ, ಒಂದು ಪುಟಾಣಿ ಮಕ್ಕಳ ಪುಸ್ತಕದ್ದು. ‘ಸೆಸಮೆ ಸ್ಟ್ರೀಟ್’ ಎಂಬ ಅಮೆರಿಕದ ಮಕ್ಕಳ ಕಾರ್ಯಕ್ರಮದಲ್ಲಿ ಗ್ರೋವರ್ ಎಂಬ ನೀಲಿ ಕೂದಲಿನ ಗೊಂಬೆಯಿದೆ. ಅದನ್ನಿಟ್ಟುಕೊಂಡು ಜಾನ್ ಸ್ಟೋನ್ ಬರೆದ ಪುಸ್ತಕ 1971ರಲ್ಲಿ ಬಂತು, ಚಿತ್ರ ಮೈಕೆಲ್ ಸ್ಮೊಲಿನ್ ಅವರದ್ದು. ಕೊನೇ ಪುಟದಲ್ಲಿ ರಾಕ್ಷಸ ಇದ್ದಾನೆಂದು ಗ್ರೋವರ್‌ಗೆ ಗೊತ್ತಾಗಿಬಿಡುತ್ತದೆ. ದಯವಿಟ್ಟು ಪುಟ ತಿರುಗಿಸಬೇಡ ಎಂದು ಓದುವ ಮಗುವನ್ನೇ ಬೇಡಿಕೊಳ್ಳುತ್ತಾನೆ. ಮಗು ಬಿಟ್ಟೀತೇ? ತಿರುಗಿಸುತ್ತದೆ. ಪುಟಗಳನ್ನು ಹಗ್ಗದಿಂದ ಕಟ್ಟುತ್ತಾನೆ, ಮಗು ತಿರುಗಿಸುತ್ತದೆ. ಹಲಗೆ ಹೊಡೆಯುತ್ತಾನೆ, ಇಟ್ಟಿಗೆ ಗೋಡೆ ಕಟ್ಟುತ್ತಾನೆ. ಮಗುವಿನ ಒಂದು ಬೆರಳಿಗೆ ಎಲ್ಲವೂ ಕುಸಿದು ಬೀಳುತ್ತದೆ. ಕೊನೇ ಪುಟದಲ್ಲಿ ನೋಡಿದರೆ ಯಾರು? ಗ್ರೋವರೇ! ಆ ಲೋಕದಲ್ಲಿ ಅಂಥ ಗೊಂಬೆಗಳಿಗೇ ರಾಕ್ಷಸ ಅಂತ ಹೆಸರು. ಅವನಿಗೆ ನಾಚಿಕೆಯೋ ನಾಚಿಕೆ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುವವರಿಗೆ ಇದು ಒಳ್ಳೆಯ ಪುಸ್ತಕ. ಅಜ್ಜ ಹೆದರಿದ ದನಿ ಮಾಡಬೇಕು, ಮಗು ಪುಟ ತಿರುಗಿಸಬೇಕು.

2009ರಲ್ಲಿ ಈ ಹೆಸರನ್ನು ಕಂಡವರೆಲ್ಲ ‘ಪುಸ್ತಕ, ರಾಕ್ಷಸ, ಚೆನ್ನಾಗಿದೆ’ ಎಂದುಕೊಂಡು ಮುಂದೆ ಹೋದರು. ಮರುವರ್ಷ, 2010ರ ಮೇ ತಿಂಗಳಲ್ಲಿ ಐದನೇ ಸೀಸನ್ನಿನ ಕೊನೇ ಕಂತು ಬಂತು. ಧಾರಾವಾಹಿಯನ್ನು ಹುಟ್ಟುಹಾಕಿದ ಎರಿಕ್ ಕ್ರಿಪ್ಕೆ ಐದು ಸೀಸನ್ನಿಗೆಂದು ಹೆಣೆದಿದ್ದ ಕಥೆ ಅಲ್ಲಿಗೆ ಮುಗಿಯುತ್ತದೆ. ಅದನ್ನು ಹೇಳುವವನು ಚಕ್. ಚಿಕ್ಕ ಸ್ಯಾಮ್ ಕಾರಿನ ಬೂದಿಗುಳಿಗೆ ತುರುಕಿದ್ದ ಆಟದ ಸಿಪಾಯಿ ದೊಡ್ಡವರಾದ ಮೇಲೂ ಅಲ್ಲೇ ಸಿಕ್ಕಿಕೊಂಡಿದೆ. ಆ ಸಿಪಾಯಿ ಕಣ್ಣಿಗೆ ಬಿದ್ದದ್ದರಿಂದಲೇ ಸ್ಯಾಮ್ ಸೈತಾನನ ಹಿಡಿತದಿಂದ ತಪ್ಪಿಸಿಕೊಳ್ಳುತ್ತಾನೆ. ಈ ಕಂತನ್ನು ನಾನು ಪೂರ್ತಿ ನೋಡಿದೆ, ಸುಳ್ಳು ಹೇಳುವುದಿಲ್ಲ, ಕನ್ನಡಕ ಒರೆಸಿಕೊಂಡೆ. ಕೊನೆಗೆ ಚಕ್ ‘ಮುಗಿಯಿತು’ ಎಂದು ಬರೆದು, ನಮ್ಮ ಕಣ್ಣೆದುರೇ ಗಾಳಿಯಲ್ಲಿ ಕರಗಿಹೋಗುತ್ತಾನೆ.

ಪ್ರವಾದಿ ಯಾಕೆ ಮಾಯವಾಗಬೇಕು? ಅಲ್ಲಿಂದ ಆರು ವರ್ಷ ಅಭಿಮಾನಿಗಳಿಗೆ ಅದೇ ಚರ್ಚೆ. ಅವನೇ ದೇವರು ಎಂದು ಒಂದು ಗುಂಪು, ಸುಮ್ಮನೆ ಏನೇನೋ ಕಲ್ಪಿಸಿಕೊಳ್ಳಬೇಡಿ ಎಂದು ಇನ್ನೊಂದು. 2016ರ ಮೇ ತಿಂಗಳಲ್ಲಿ, ಹನ್ನೊಂದನೇ ಸೀಸನ್ನಿನಲ್ಲಿ ಉತ್ತರ ಸಿಕ್ಕಿತು. ದೇವರೇ! 2019ರಲ್ಲಿ ಇನ್ನೂ ದೊಡ್ಡ ಪೆಟ್ಟು. ತಾನು ಬರೆದ ಕೊನೆಯನ್ನು ಅಣ್ಣತಮ್ಮಂದಿರು ಒಪ್ಪದೇ ಹೋದಾಗ ಈ ಕಥೆಗಾರ ದೇವರು ಸಿಟ್ಟಿಗೇಳುತ್ತಾನೆ. ಕೊನೇ ಸೀಸನ್ ಪೂರ್ತಿ ಅವನೇ ಖಳನಾಯಕ. ಅಂದರೆ ಪುಸ್ತಕದ ಕೊನೆಯಲ್ಲಿದ್ದ ರಾಕ್ಷಸ ಪುಸ್ತಕ ಬರೆದವನೇ!

ಇಲ್ಲೇ ನಮ್ಮ ಮನೆಯ ಜಗಳ. ಹತ್ತು ವರ್ಷ ಮೊದಲೇ ಹೆಸರಿನಲ್ಲಿ ಗುಟ್ಟು ಬಿಟ್ಟುಕೊಟ್ಟಿದ್ದರು, ‘ನಾನೇ ದೇವರಿರಬೇಕು’ ಅಂತ ಚಕ್ ಬಾಯಲ್ಲೇ ಹೇಳಿಸಿದ್ದರು, ಇನ್ನೇನು ಸಾಕ್ಷಿ ಬೇಕು ಎಂದು ಮೊಮ್ಮಗಳು. ಐದು ವರ್ಷಕ್ಕೆ ಹೆಣೆದ ಕಥೆಯಲ್ಲಿ ಹದಿನೈದನೇ ವರ್ಷದ ಖಳನನ್ನು ಯಾರು ಯೋಚಿಸಿರುತ್ತಾರೆ, ಕಾಕತಾಳೀಯ ಎಂದು ಅವಳ ಅಣ್ಣ.

ನನ್ನನ್ನು ಪಂಚಾಯಿತಿಗೆ ಕೂರಿಸಿದರು. ನನಗೆ ತೋಚಿದ್ದು ಇದು. 2009ರಲ್ಲಿ ಅಷ್ಟು ದೂರದ್ದು ಗೊತ್ತಿರಲಾರದು. ಕ್ರಿಪ್ಕೆ ಐದನೇ ಸೀಸನ್ ಆದಮೇಲೆ ಚುಕ್ಕಾಣಿಯನ್ನು ಬೇರೆಯವರಿಗೆ ಬಿಟ್ಟರು. ಆಮೇಲೆ ಅದು ಇನ್ನೂ ಹಲವರ ಕೈ ದಾಟಿತು. ಚಕ್ ದೇವರು ಎಂದು ಖಚಿತವಾದಾಗ ಧಾರಾವಾಹಿ ನಡೆಸುತ್ತಿದ್ದವರು ಜೆರೆಮಿ ಕಾರ್ವರ್, ಆ ಕಾವ್ಯನಾಮದ ಅರ್ಧ ಭಾಗ! ಹೀಗೆ ನಂತರ ಬಂದವರು ಏನು ಮಾಡಿರಬೇಕು? ಹಳೆಯ ಕಂತುಗಳನ್ನು ನನ್ನ ಮೊಮ್ಮಗಳ ಹಾಗೇ ಕೂತು ನೋಡಿರಬೇಕು. ಯಾರೋ ಬಿಟ್ಟುಹೋದ ಒಂದು ಮಾತು, ಒಂದು ಹೆಸರು ಕಣ್ಣಿಗೆ ಬಿದ್ದಿರಬೇಕು. ನೋಡುವವರು ಆರು ವರ್ಷ ಊಹಿಸಿದ್ದನ್ನೇ ಬರೆಯುವವರು ಕಥೆ ಮಾಡಿದರು. ಹಾಗಾಗಿ ಅಣ್ಣ ಹೇಳಿದ್ದು ಸರಿ, ಆದರೆ ಗೆದ್ದವಳು ತಂಗಿ ಎಂದು ತೀರ್ಪು ಕೊಟ್ಟೆ. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಇಷ್ಟಕ್ಕೇ ಈ ವಾರದ ಪುಟ ಮುಗಿಸಬಹುದಿತ್ತು. ಆದರೆ ಕಂತುಗಳನ್ನು ನೋಡುತ್ತಿದ್ದಾಗ ಒಂದು ಘಟನೆ ನಡೆಯಿತು.

ಚಕ್‌ನ ಪುಸ್ತಕಗಳಿಗೆ ಕಥೆಯೊಳಗೇ ಅಭಿಮಾನಿಗಳಿದ್ದಾರೆ ಎಂದೆನಲ್ಲ. ಅವರಲ್ಲಿ ಬೆಕಿ ಎಂಬ ಯುವತಿ ಒಬ್ಬಳು. ಅಣ್ಣತಮ್ಮಂದಿರ ಬಗ್ಗೆ ತಾನೇ ಕಥೆ ಕಟ್ಟಿ ಬರೆಯುವವಳು. ಅವರನ್ನು ಎದುರಿಗೆ ಕಂಡರೆ ಉಸಿರು ಕಟ್ಟಿ, ಮೈಮೇಲೆ ಬಿದ್ದು, ನಗೆಪಾಟಲಾಗುತ್ತಾಳೆ. ಏಳನೇ ಸೀಸನ್ನಿಗೆ ಬರುವಷ್ಟರಲ್ಲಿ ಸ್ಯಾಮ್‌ಗೆ ಮದ್ದು ಹಾಕಿ ಮದುವೆಯಾಗುವ ಮಟ್ಟಕ್ಕೆ ಅವಳನ್ನು ಇಳಿಸಿದರು. ಇದನ್ನು ನೋಡಿ ಹಲವು ಅಭಿಮಾನಿಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನೋವಾಯಿತು. ವರ್ಷಗಟ್ಟಲೆ ಪ್ರೀತಿಯಿಂದ ನೋಡಿದ್ದಕ್ಕೆ ನಮ್ಮನ್ನೇ ಆಡಿಕೊಂಡು ನಗುವುದೇ ಎಂದರು. ಇಲ್ಲ, ಇದು ಮನೆಯವರನ್ನು ಮನೆಯವರು ಗೇಲಿ ಮಾಡುವ ಹಾಗೆ ಎಂದವರೂ ಇದ್ದರು.

ಬೆಕಿ ತೆರೆಯ ಮೇಲೆ ಬಂದ ಕೂಡಲೇ ಮೊಮ್ಮಗಳು ‘ತಾತ, ಇದು ಬೇಡ, ಮುಂದಕ್ಕೆ ಓಡಿಸಿ’ ಎಂದಳು. ಯಾಕಮ್ಮಾ ಎಂದರೆ ಉತ್ತರವಿಲ್ಲ. ಎದ್ದು ಹೋದಳು.

ನನಗೆ ಆಗ ನೆನಪಾಯಿತು. ದಸರಾ ರಜೆಯಲ್ಲಿ ಅವಳ ಒಂದು ನೋಟ್‌ಬುಕ್ ಸೋಫಾದ ಮೇಲೆ ಸಿಕ್ಕಿತ್ತು. ಅದರಲ್ಲಿ ಸ್ಯಾಮ್, ಡೀನ್ ಎಂದೆಲ್ಲ ಕಥೆ ಬರೆದಿದ್ದಳು. ನಾನು ಅದರಿಂದ ನಾಲ್ಕು ಸಾಲನ್ನು ನಾಟಕದವರ ಹಾಗೆ ಏರುದನಿಯಲ್ಲಿ ಎಲ್ಲರೆದುರು ಓದಿದ್ದೆ. ಮನೆ ತುಂಬಾ ನೆಂಟರು. ಎಲ್ಲರೂ ನಕ್ಕರು. ಅವಳೂ ನಕ್ಕಳು ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಆಮೇಲೆ ಆ ನೋಟ್‌ಬುಕ್ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಅವಳ ಅಣ್ಣನೇ ಒಂದು ಉಪಾಯ ಹೇಳಿದ. ‘ತಾತ, 200ನೇ ಕಂತು ಹಾಕಿ. ಅವಳು ಬಂದು ಕೂರ್ತಾಳೆ.’

ಬಂದು ಕೂತಳು. ಅದು 2014ರ ನವೆಂಬರ್ 11ರ ಕಂತು, ರಾಬಿ ಥಾಂಪ್ಸನ್ ಬರೆದದ್ದು. ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ‘ಸೂಪರ್‌ನ್ಯಾಚುರಲ್’ ಪುಸ್ತಕಗಳನ್ನು ಆಧರಿಸಿ ಸಂಗೀತ ನಾಟಕ ಮಾಡುತ್ತಿದ್ದಾರೆ. ಬರೆದು ಆಡಿಸುವವಳು ಮರೀ ಎಂಬ ವಿದ್ಯಾರ್ಥಿನಿ. ಅಣ್ಣತಮ್ಮ ಇಬ್ಬರ ಪಾತ್ರವೂ ಹುಡುಗಿಯರದ್ದೇ. ಯಾರೋ ಕಾಣೆಯಾದರೆಂದು ಹುಡುಕಿಕೊಂಡು ಅಣ್ಣತಮ್ಮ ಅಲ್ಲಿಗೆ ಬರುತ್ತಾರೆ. ತನ್ನ ಬದುಕು ಹಾಡಾಗಿರುವುದನ್ನು ನೋಡಿ ಡೀನ್‌ಗೆ ಕೆಂಡದಂಥ ಕೋಪ. ನಮ್ಮ ಕಥೆಯಲ್ಲಿ ಹಾಡೇ ಇಲ್ಲ ಎನ್ನುತ್ತಾನೆ. ಸ್ಯಾಮ್‌ಗೆ ಒಳಗೊಳಗೇ ನಗು.

ಪುಸ್ತಕಗಳು ಐದನೇ ಸೀಸನ್ನಿನ ಕಥೆಗೇ ನಿಂತಿವೆಯಲ್ಲ, ಮುಂದೆ ಏನಾಯಿತೆಂದು ಇವರು ಮರೀಗೆ ಹೇಳುತ್ತಾರೆ. ಆಮೇಲೆ ಟೀವಿಯಲ್ಲಿ ಬಂದ ಅಸಲಿ ಕಥೆ! ಅವಳು ಬಿದ್ದು ಬಿದ್ದು ನಗುತ್ತಾಳೆ. ಅಭಿಮಾನಿಗಳು ಕಟ್ಟಿದ ಕಥೆಗಳಲ್ಲೇ ಇಷ್ಟು ಕೆಟ್ಟದ್ದನ್ನು ತಾನು ಕೇಳಿಲ್ಲ ಎನ್ನುತ್ತಾಳೆ. ನಮ್ಮ ಹುಡುಗಿ ಸೋಫಾದಲ್ಲಿ ಮುಂದಕ್ಕೆ ಸರಿದು ಚಪ್ಪಾಳೆ ತಟ್ಟಿದಳು.

ನಾಟಕ ನಡೆಯುವಾಗಲೇ ದೆವ್ವದ ಕಾಟ. ಸ್ಯಾಮ್ ಪಾತ್ರದ ಹುಡುಗಿಯನ್ನು ಅದು ಎತ್ತಿಕೊಂಡು ಹೋಗಿದ್ದರಿಂದ ಮರೀಯೇ ಬಣ್ಣ ಹಚ್ಚಿ ರಂಗಕ್ಕೆ ಇಳಿಯುತ್ತಾಳೆ. ಅಷ್ಟು ಹೊತ್ತಿಗೆ ಡೀನ್ ಮೆತ್ತಗಾಗಿದ್ದಾನೆ. ನಿನ್ನ ಕಥೆ ನಿನ್ನದು, ನನ್ನದು ನನಗೆ ಎಂಬರ್ಥದ ಮಾತು ಹೇಳಿ ಅವಳ ಬೆನ್ನು ತಟ್ಟುತ್ತಾನೆ. ಅವನ ಕೊರಳಲ್ಲಿ ಹಿಂದೆ ಒಂದು ತಾಯಿತ ಇತ್ತು, ತಮ್ಮ ಚಿಕ್ಕವನಿದ್ದಾಗ ಕ್ರಿಸ್‌ಮಸ್‌ಗೆ ಕೊಟ್ಟದ್ದು. ಒಂದು ಕೆಟ್ಟ ದಿನ ಅದನ್ನು ಅವನು ಕಸದ ಬುಟ್ಟಿಗೆ ಹಾಕಿದ್ದ. ಮರೀ ನಾಟಕಕ್ಕೆಂದು ಮಾಡಿಸಿದ್ದ ನಕಲಿ ತಾಯಿತವನ್ನು ಅವನ ಕೈಗಿಡುತ್ತಾಳೆ. ಅವನು ಅದನ್ನು ಕಾರಿನ ಕನ್ನಡಿಗೆ ನೇತುಹಾಕಿಕೊಂಡು ಹೋಗುತ್ತಾನೆ. ಪ್ರೇಕ್ಷಕರ ನಡುವೆ ಒಬ್ಬ ಬಂದು ಕೂತಿದ್ದಾನೆ, ಮುಖ ಕೊನೆಗೆ ಕಾಣುತ್ತದೆ. ಚಕ್! ಹೇಗಿತ್ತು ಎಂದರೆ, ಪರವಾಗಿಲ್ಲ ಎನ್ನುತ್ತಾನೆ. ಚಕ್ ದೇವರೆಂದು ಒಂದೂವರೆ ವರ್ಷದ ಮೇಲೆ ಹೇಳಿದ ಕಂತನ್ನು ಬರೆದವರೂ ಇದೇ ಥಾಂಪ್ಸನ್.

ಬೆಕಿಗೂ ಕೊನೇ ಸೀಸನ್ನಿನಲ್ಲಿ ಒಂದು ಸರದಿ ಸಿಕ್ಕಿತು. ಗಂಡ, ಮಕ್ಕಳು, ಒಳ್ಳೆಯ ಸಂಸಾರ. ಈಗಲೂ ಬರೆಯುತ್ತಾಳೆ. ಅವಳ ಕಥೆಗಳಲ್ಲಿ ರಾಕ್ಷಸರಿಲ್ಲ, ಅಣ್ಣತಮ್ಮ ಬಟ್ಟೆ ಒಗೆದುಕೊಂಡು ಹರಟೆ ಹೊಡೆಯುತ್ತಾರೆ ಅಷ್ಟೆ. ಓದುವವರಿಗೆ ಅದೇ ಇಷ್ಟ ಎಂದು ದೇವರ ಮುಖಕ್ಕೇ ಹೇಳುತ್ತಾಳೆ. ಪಾಪ, ಅದಕ್ಕೆ ಅವನು ಅವಳನ್ನೂ ಮನೆಯವರನ್ನೂ ಮಾಯ ಮಾಡಿಬಿಡುತ್ತಾನೆ.

ಐದನೇ ಸೀಸನ್ನಿನಲ್ಲಿ ಒಂದು ಸಣ್ಣ ಮಾತು ಬರುತ್ತದೆ. ಅಭಿಮಾನಿಗಳ ಸಮಾವೇಶಕ್ಕೆ ಸ್ಯಾಮ್, ಡೀನ್ ವೇಷ ಹಾಕಿಕೊಂಡು ಬಂದ ಇಬ್ಬರು ಗೆಳೆಯರು. ನಿಜವಾದ ಅಣ್ಣತಮ್ಮ ಹೋಟೆಲಿನೊಳಗೆ ಸಿಕ್ಕಿಬಿದ್ದಾಗ ಸ್ಮಶಾನಕ್ಕೆ ಹೋಗಿ ದೆವ್ವದ ಮೂಳೆ ಸುಟ್ಟವರು ಇವರೇ. ನಮ್ಮ ಹಾಳು ಬದುಕು ನಿಮಗ್ಯಾಕೆ ಬೇಕು ಎಂಬುದು ಡೀನ್‌ನ ತಕರಾರು. ಅದಕ್ಕೆ ಅವರು ಕೊಡುವ ಉತ್ತರ ಹೀಗಿದೆ. ತಾನು ಜೆರಾಕ್ಸ್ ಯಂತ್ರ ರಿಪೇರಿ ಮಾಡುವವನು, ಗೆಳೆಯ ಸ್ಟೀರಿಯೋ ಮಾರುವವನು. ಬೆಳಿಗ್ಗೆ ಎದ್ದು ಲೋಕ ಕಾಪಾಡುವುದು, ಪ್ರಾಣ ಕೊಡುವಂಥ ಒಡಹುಟ್ಟಿದವನು ಪಕ್ಕದಲ್ಲಿರುವುದು, ಅದು ಯಾರಿಗೆ ಬೇಡ? ಇದನ್ನು ಕೇಳುವಾಗ ಮೊಮ್ಮಗ ಹಿಂದೆ ಸರಿದು ತಂಗಿಗೆ ದಿಂಬು ಕೊಟ್ಟ. ಅಷ್ಟಕ್ಕೆಲ್ಲ ಅರ್ಥ ಹಚ್ಚಬೇಡಿ ತಾತ ಎಂದು ಆಮೇಲೆ ಹೇಳಿದ.

ಟೀವಿ ಆರಿಸಿದ ಮೇಲೆ ನಾನು ಕೇಳಿದೆ. ‘ಆ ನೋಟ್‌ಬುಕ್ ಇನ್ನೂ ಇದೆಯೇನಮ್ಮ? ಅವತ್ತು ನಾನು ಹಾಗೆ ಓದಬಾರದಿತ್ತು.’

ಅವಳು ಏನೂ ಹೇಳಲಿಲ್ಲ. ರಾತ್ರಿ ನಾನು ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ ನೀರಿನ ಲೋಟದ ಪಕ್ಕ ನೋಟ್‌ಬುಕ್ ಇತ್ತು. ಮೇಲೆ ಒಂದು ಚೀಟಿ: ‘ಮನಸ್ಸಿನಲ್ಲೇ ಓದಬೇಕು. ಪತ್ರಿಕೆಯಲ್ಲಿ ಹಾಕಬಾರದು.’

ಬಹಳ ಕಾಡಿದ ಮೇಲೆ ಒಂದೇ ಒಂದು ಸಂಗತಿ ಹೇಳಲು ಅಪ್ಪಣೆ ಸಿಕ್ಕಿದೆ. ಇಂಪಾಲಾ ಕಾರು ತಿಪಟೂರಿನ ಹತ್ತಿರ ಕೆಟ್ಟು ನಿಂತಿದೆ. ಕತ್ತಲಾಗುತ್ತಿದೆ, ಡಿಕ್ಕಿಯಲ್ಲಿ ಉಪ್ಪು ಖಾಲಿ, ಹತ್ತಿರದಲ್ಲಿರುವುದು ಒಂದೇ ಮನೆ. ಬಾಗಿಲು ತೆಗೆಯುವವಳು ಒಬ್ಬ ಅಜ್ಜಿ.